ಕಲ್ಲಿನ ಬೆನ್ನು

ಚೀಟಿ ಅಂಟಿಸುವುದು ನನ್ನ ಕೆಲಸ.
ಹಳದಿ ಕಾಗದ, ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ,
ನಾಲ್ಕು ಮೂಲೆಗೂ ಟೇಪು:
‘ಈ ಗೋರಿಯನ್ನು ಮತ್ತೆ ಬಳಸಲಾಗುವುದು.
ತಕರಾರಿದ್ದವರು ಆರು ತಿಂಗಳೊಳಗೆ
ಕಚೇರಿಗೆ ಬರತಕ್ಕದ್ದು.’

ಯಾರೂ ಬರುವುದಿಲ್ಲ.
ಬಸವನಹುಳು ಬರುತ್ತದೆ, ಅಂಚು ತಿನ್ನುತ್ತದೆ.
ಸರ್ಕಾರಿ ಭಾಷೆಯನ್ನು ಅಷ್ಟು ನಿಧಾನವಾಗಿ ಓದುವವರು
ನಮ್ಮ ಕೌನ್ಸಿಲ್ಲಿನಲ್ಲೂ ಇಲ್ಲ.

ಲಂಡನ್ನಿನ ಈ ಮೂಲೆಯಲ್ಲಿ, ರೈಲುಹಳಿಗೂ
ಗ್ಯಾಸಿನ ಹಳೆಯ ಗುಮ್ಮಟಕ್ಕೂ ನಡುವೆ,
ಸತ್ತವರು ತುಂಬಿಹೋಗಿ ಇಪ್ಪತ್ತು ವರ್ಷ.
ಆಮೇಲೆ ಸತ್ತವರೆಲ್ಲ ಊರಾಚೆ ಹೋದರು,
ನೋಡಲು ಹೋಗುವವರಿಗೆ ಎರಡು ಬಸ್ಸು.
ಕೊನೆಗೆ ಬೇಕಾದ್ದು ಆರಡಿ ಮೂರಡಿ ಎಂದವರು
ಎಲ್ಲಿ ಎಂದು ಹೇಳಿರಲಿಲ್ಲ.

ಐಸಿಲ್ಡಾ ಬಾರ್ಟ್ಲಿ ಬಂದದ್ದು ನವೆಂಬರಿನಲ್ಲಿ,
ಒದ್ದೆ ಕೊಡೆಯನ್ನು ಬಾಗಿಲ ಹೊರಗೇ ಒರಗಿಸಿ.
‘ಮಂಡಿ ನೋವು. ಎರಡು ಬಸ್ಸು ಆಗದು.
ನಡೆದು ಬರುವಷ್ಟು ಹತ್ತಿರ ಅವನಿರಬೇಕು.’
ಅವನೆಂದರೆ ಕ್ಲೋವಿಸ್. ಮೂವತ್ತೊಂದು ವರ್ಷ
ರಾತ್ರಿ ಬಸ್ಸು ಓಡಿಸಿದವನು.

ಕರೆದೊಯ್ದು ತೋರಿಸಿದೆ.
ಹೆಬ್ಬೆರಳಿಂದ ಪಾಚಿ ಕೆರೆದು ಆಕೆಯೇ ಓದಿದಳು:
ಕೆಝಾಯಾ ಥರ್ಕೆಟಲ್.
‘ಇವರನ್ನು ಏನು ಮಾಡುತ್ತೀರಿ?’
ಇನ್ನೂ ಕೆಳಗೆ, ಎಂದೆ. ಉಳಿದದ್ದನ್ನು ಪೆಟ್ಟಿಗೆಯಲ್ಲಿಟ್ಟು,
ಗುಂಡಿಯನ್ನು ಆಳ ಮಾಡಿ, ಅಲ್ಲೇ, ಅದೇ ಮಣ್ಣಲ್ಲಿ.
ಅವರ ಮೇಲೆ ನಿಮ್ಮವರು.
‘ಅಂದರೆ ನಾವು ಮಹಡಿ.’
ಹೌದು.
‘ಕೆಳಗಿನ ಮನೆಯವರು ಹೇಗೆ?’
ನೋಂದಣಿ ಪುಸ್ತಕದಲ್ಲಿ ಇದ್ದುದನ್ನು ಹೇಳಿದೆ: ಬಟ್ಟೆ ಒಗೆಯುವಾಕೆ,
ನಲವತ್ತೆರಡು ವರ್ಷ, ಎದೆಯಲ್ಲಿ ಕಫ.
‘ಪಾಪ. ಇವನು ಹಗಲು ಮಲಗುವವನು, ಗೊರಕೆ ಬೇರೆ.’

ಆಮೇಲೆ ಕಲ್ಲಿನ ಬುಡದಲ್ಲಿ ಇನ್ನೊಂದು ಸಾಲು ಕಂಡಿತು:
ಮತ್ತು ಆಲ್ಬನ್, ಹನ್ನೊಂದು ತಿಂಗಳು.
ಐಸಿಲ್ಡಾ ಕೊಡೆ ಬಿಚ್ಚಿದಳು. ಮಳೆ ನಿಂತಿತ್ತು.
ಹೋದಳು.

ಎರಡು ವಾರ ಸುದ್ದಿಯಿಲ್ಲ.
ಕ್ಲೋವಿಸ್ ಶವಾಗಾರದ ತಂಪಿನಲ್ಲಿ
ಡಿಪೋದಲ್ಲಿ ಪಾಳಿ ಕಾಯುವವನಂತೆ ಕಾದ.
ನಾನು ಕಡತ ಮುಚ್ಚುವುದರಲ್ಲಿದ್ದೆ.

ಬುಧವಾರ ಬಂದಳು. ಕೂರಲಿಲ್ಲ.
‘ಅವನಿಗೆ ಮಕ್ಕಳೆಂದರೆ ಜೀವ. ನಮಗೆ ಆಗಲಿಲ್ಲ.
ಪೆಟ್ಟಿಗೆ ಇಳಿಸುವಾಗ ನಿಧಾನ ಅಂತ ಹೇಳಿ, ಹುಡುಗರಿಗೆ.’
ಯಾವ ಪೆಟ್ಟಿಗೆ ಎಂದು ನಾನು ಕೇಳಲಿಲ್ಲ.

ಲೆನ್ ಪೋಕಾಕ್ ಅಗೆದ. ಇಲ್ಲಿಯದು ಜೇಡಿಮಣ್ಣು,
ಗುದ್ದಲಿಯ ಬಾಯಿಗೆ ಅಂಟಿದರೆ ಬಿಡದು.
ಸಿಕ್ಕದ್ದು ಪೆಟ್ಟಿಗೆಯ ಒಂದು ಹಿಡಿ, ಪೂರಾ ತುಕ್ಕು;
ಬಟ್ಟೆಯ ಮೂರು ಗುಂಡಿ; ಮೂಳೆ, ಚಹಾದ ಬಣ್ಣ.
ಮಗುವಿನದೆಂದು ಹೇಳುವಂಥದ್ದು ಏನೂ ಇರಲಿಲ್ಲ.
ಲೆನ್ ಟೋಪಿ ತೆಗೆದು, ಆ ಕಡೆಯ ಮಣ್ಣೇ ಒಂದು ಮುಷ್ಟಿ
ಹೊಸ ಪೆಟ್ಟಿಗೆಗೆ ಹಾಕಿದ.
ನಿಯಮದಲ್ಲಿ ಅದಿಲ್ಲ. ನಾನು ಬರೆದುಕೊಳ್ಳಲಿಲ್ಲ.

ಕಲ್ಲನ್ನು ಇಬ್ಬರೂ ಸೇರಿ ಮಗ್ಗುಲು ಬದಲಿಸಿದೆವು,
ಹಾಸಿಗೆ ಹಿಡಿದ ಮುದುಕಿಯನ್ನು ಹೊರಳಿಸುವ ಹಾಗೆ,
ಒಂದು ಕೈ ಭುಜಕ್ಕೆ, ಒಂದು ಕೈ ಸೊಂಟಕ್ಕೆ.
ಕೆಝಾಯಾಳ ಹೆಸರು ಮುಳ್ಳುಬೇಲಿಯ ಕಡೆಗೆ ತಿರುಗಿತು.
ನೂರ ಮೂವತ್ತು ವರ್ಷ ಯಾರೂ ನೋಡದ ಬೆನ್ನು
ಬೆಳಕಿಗೆ ಬಂತು. ನುಣುಪಿಲ್ಲ, ಉಳಿಯ ಗೆರೆ ಹಾಗೇ ಇತ್ತು.
ಅಲ್ಲಿ ಕ್ಲೋವಿಸ್‌ನ ಹೆಸರು.

ಕಾಗದಕ್ಕೆ ಸಹಿ ಬೇಕಿತ್ತು. ಎಪ್ಪತ್ತೈದು ವರ್ಷದ ಹಕ್ಕು,
ಅನಂತರ ಮತ್ತೆ ಚೀಟಿ, ಮತ್ತೆ ಆರು ತಿಂಗಳು.
ಐಸಿಲ್ಡಾ ಬೆರಳು ಮಡಿಸಿ ಲೆಕ್ಕ ಹಾಕಿದಳು.
‘ಆಗ ತಕರಾರು ಮಾಡಲು ಯಾರಿರುತ್ತಾರೆ?’
ಬಸವನಹುಳು, ಎಂದು ಬಾಯಿತನಕ ಬಂತು.
ಪೆನ್ನು ಕೊಟ್ಟೆ.

ಈಗ ಗುರುವಾರಗಳಂದು ಬರುತ್ತಾಳೆ, ಊರುಗೋಲು ಹಿಡಿದು.
ಗಂಡನ ಮುಂದೆ ಅರ್ಧ ಗಂಟೆ. ಆಮೇಲೆ ಸುತ್ತು ಹಾಕಿ
ಬೇಲಿಗೂ ಕಲ್ಲಿಗೂ ನಡುವಿನ ಇಕ್ಕಟ್ಟಿನಲ್ಲಿ ನುಸುಳುತ್ತಾಳೆ,
ಕೋಟಿಗೆ ಮುಳ್ಳು ಸಿಕ್ಕಿಕೊಳ್ಳುತ್ತದೆ, ಬೈಯುತ್ತಾಳೆ.
ಅಲ್ಲಿ ಏನು ಮಾಡುತ್ತಾಳೋ ಕಿಟಕಿಯಿಂದ ಕಾಣುವುದಿಲ್ಲ.
ಹಿಂದಿರುಗುವಾಗ ಕೈಗವಸಿನ
ಹೆಬ್ಬೆರಳ ತುದಿ ಹಸಿರಾಗಿರುತ್ತದೆ.