ಹಲಹಾ

ಐವತ್ತೆರಡು ವರ್ಷ ಜಲಜಾ ಆಗಿದ್ದವಳು
ಒಂದು ಸೋಮವಾರ ಬೆಳಿಗ್ಗೆ ಹಲಹಾ ಆದೆ.
ಅಂಗಡಿ ಬೋರ್ಡಿನ ಇಂಗ್ಲಿಷ್ ಅಕ್ಷರಗಳನ್ನು
ತನ್ನೂರಿನ ಲೆಕ್ಕದಲ್ಲಿ ಕೂಡಿಸಿ ಓದಿದ್ದಳು ಹುಡುಗಿ.
ಅತ್ತ ನಮ್ಮವರು ಪೊಲೀಸ್ ಠಾಣೆಯ ಫಾರಂ ತುಂಬುತ್ತ
ಜಸಿಂತಾ, ಜಸಿಂತಾ ಎಂದು ಮೂರು ಸಲ ಕರೆದರೂ
ಬೇರೆ ಯಾರಿಗೋ ಎಂಬಂತೆ ಕೂತಿದ್ದಳು.
ಆಮೇಲೆ ಗೊತ್ತಾಯಿತು, ಅವಳು ಹಸಿಂತಾ.

ಶ್ರೀನಗರದ ಬಸ್ ಸ್ಟಾಪಿನ ಹಿಂದೆ, ಮಹಡಿಯ ಮೇಲೆ ನಮ್ಮನೆ,
ಕೆಳಗೆ ನನ್ನ ಫಾಲ್ ಪೀಕೋ.
ಕನ್ನಡ ಕಲಿಯಲು ಬಂದವಳಿಗೆ ಒಂದು ಮನೆ ಬೇಕು,
ಇಂಗ್ಲಿಷ್ ಆಡದ ಮನೆಯೇ ಆಗಬೇಕು ಅಂದರಂತೆ ಕಲಿಸುವವರು.
ಜೀವಮಾನದಲ್ಲಿ ಮೊದಲ ಸಲ
ಇಂಗ್ಲಿಷ್ ಬಾರದ್ದಕ್ಕೆ ನನಗೆ ದುಡ್ಡು ಬಂತು.

ನೀರಿಗೆ ತಳ್ಳಿದರೆ ಈಜು ಬರುತ್ತದೆ ಎನ್ನುತ್ತಾರೆ.
ಹೌದು. ತಳ್ಳಿದವರ ಸೀರೆಯೂ ಒದ್ದೆಯಾಗುತ್ತದೆ.

ಬೀದಿನಾಯಿಗೆ ‘ನೀವು ಊಟ ಮಾಡಿದಿರಾ’ ಅನ್ನುವಳು,
ಎದುರುಮನೆಯ ರಿಟೈರ್ಡ್ ತಹಸೀಲ್ದಾರರಿಗೆ ‘ಏನೋ, ಬಂದೆಯಾ’.
‘ಕಾಫಿಗೆ ಹಲ್ಲು ಸ್ವಲ್ಪ ಸಾಕು’ ಅಂದ ದಿನ
ಮಿಷನ್ ತುಳಿಯುತ್ತಲೇ ನಕ್ಕೆ, ಸೂಜಿ ಮುರಿಯಿತು.
ಹೈಸ್ಕೂಲಿನ ವೀರಭದ್ರಯ್ಯ ಮೇಷ್ಟ್ರು ಹೇಳುತ್ತಿದ್ದರು:
ಹಾಲು ಮೊದಲು ಪಾಲು ಆಗಿತ್ತು, ಹೂವು ಪೂ,
ಬರುತ್ತ ಬರುತ್ತ ತುಟಿ ಬಿಚ್ಚಿ ಬರೀ ಉಸಿರು ಉಳಿಯಿತು.
ಪ ಹ ಆಗಬಹುದಾದರೆ
ಜ ಯಾಕಾಗಬಾರದು?
ಹಲಹಾ ಅಂದರೆ ಓ ಅಂದೆ.

ತಳ್ಳುಗಾಡಿಯಿಂದ ಸೀಮೆಬದನೆ ಎತ್ತಿಕೊಂಡು
‘ಚಯೋತೆ!’ ಎಂದು ಕೂಗಿ ಕೆನ್ನೆಗೊತ್ತಿಕೊಂಡಳು.
ವಹಾಕದಲ್ಲಿ ಅವಳಜ್ಜಿಯ ಹಿತ್ತಿಲ ತುಂಬ ಇದೇ ಬಳ್ಳಿಯಂತೆ.
ಸೀಮೆ, ಸೀಮೆ ಎನ್ನುತ್ತ ಮೂವತ್ತು ವರ್ಷ ಹುಳಿಗೆ ಹೆಚ್ಚಿದ್ದೇನೆ,
ಯಾವ ಸೀಮೆ ಎಂದು ಕೇಳಿರಲಿಲ್ಲ.
‘ಇದು ನಮ್ ಬೆಂಗ್ಳೂರ್ದೇ ಮೇಡಂ’ ಅಂದ ಗಾಡಿಯವನು.
ಅವಳು ವಾದಿಸಲಿಲ್ಲ. ಅರ್ಧ ಕೆಜಿ ಕೊಂಡಳು.

ಭಾಷೆ ಬಂತೆಂದು ನನಗೆ ಖಾತ್ರಿಯಾದದ್ದು ಯಾವಾಗ ಗೊತ್ತೆ?
ತಳ ಹಿಡಿದ ಉಪ್ಪಿಟ್ಟನ್ನು ತಟ್ಟೆಯಂಚಿಗೆ ಸರಿಸಿ
‘ಚೆನ್ನಾಗಿದೆ ಆಂಟಿ, ಹೊಟ್ಟೆ ತುಂಬಿಬಿಟ್ಟಿದೆ ಅಷ್ಟೆ’
ಅಂದಳು, ಕಣ್ಣು ತಪ್ಪಿಸದೆ.
ತಪ್ಪಿಲ್ಲದ ಸುಳ್ಳು. ಒತ್ತಕ್ಷರವೂ ಸರಿಯಿತ್ತು.

ಬದಲಿಗೆ ನನಗೆ, ನಾನು ಹುಕ್ಕು ಹೊಲಿಯುವಾಗ,
‘ಇರುವುದು’ ಎರಡು ಬಗೆ ಎಂದು ಕಲಿಸಿದಳು.
ಒಂದು ಎಸ್: ಹೆಂಗಸಾಗಿರುವುದು, ಕಲ್ಲಾಗಿರುವುದು.
ಇನ್ನೊಂದು ಎಸ್ತಾ: ಬಿಸಿಯಾಗಿರುವುದು, ಬೇಜಾರಾಗಿರುವುದು,
ಅಡುಗೆಮನೆಯಲ್ಲಿರುವುದು.
ಪೇಪರ್ ಓದುತ್ತ ಕೂತ ನಮ್ಮವರನ್ನು
ಯಾವುದಕ್ಕೆ ಸೇರಿಸಲಿ ಎಂದು ಬಹಳ ಹೊತ್ತು ನೋಡಿದೆ.

ಶ್ರಾವಣದಲ್ಲಿ ಹೊಟ್ಟೆ ಕೆಟ್ಟು ಮೂರು ದಿನ ಮಲಗಿದಳು.
ಗಂಜಿ, ಮಜ್ಜಿಗೆ, ಮೆಡಿಕಲ್ ಸ್ಟೋರಿನ ಪುಡಿ.
ಜ್ವರ ಏರಿದಾಗ ಪೂರಾ ತನ್ನ ಭಾಷೆಗೆ ಹೊರಟುಹೋದಳು.
‘ಅಗ್ವಾ’ ಅಂದಾಗ ನೀರು ಕೊಟ್ಟೆ,
ಉಳಿದ ಮಾತಿಗೆಲ್ಲ ಹಣೆ ಮುಟ್ಟಿದೆ.
ರಾತ್ರಿ ಎರಡಕ್ಕೆ ಅವಳ ಫೋನು ನಡುಗಿತು.
ಎತ್ತಿದರೆ ಅಲ್ಲಿ ಹಗಲು. ಹಗಲಲ್ಲಿ ಒಬ್ಬ ಹೆಂಗಸು,
ಭುಜದ ಮೇಲೆ ಟವೆಲ್ಲು, ಹಿಂದೆ ಒಲೆ.
ಮಗಳೆಲ್ಲಿ ಎಂದಳು. ಅರ್ಥವಾಗಲು ಭಾಷೆ ಬೇಕಿರಲಿಲ್ಲ.
ಉತ್ತರಕ್ಕೆ ಬೇಕಿತ್ತು.

ಮೊದಲು, ನಾನು ಹಲಹಾ ಅಂದೆ.
ಆಮೇಲೆ ಕೋಣೆಯ ಬಾಗಿಲನ್ನು ಎಡಗೈಯಲ್ಲಿ ಎಳೆದುಕೊಳ್ಳುತ್ತ
‘ಎಸ್ತಾ ಬ್ಯೆನ್’ ಅಂದೆ. ಚೆನ್ನಾಗಿದ್ದಾಳೆ.
‘ಕೋಮೆ ಬ್ಯೆನ್.’ ಚೆನ್ನಾಗಿ ತಿನ್ನುತ್ತಾಳೆ.

ಹೆಂಗಸು ನನ್ನ ಮುಖವನ್ನೇ ನೋಡಿದಳು.
ಅವಳಿಗೆ ಗೊತ್ತಾಗದೆ ಇರುತ್ತದೆಯೆ? ತಾಯಿ ತಾನೆ.
‘ಗ್ರಾಸಿಯಾಸ್, ಹಲಹಾ’ ಅಂದಳು.
ಇಬ್ಬರ ಮಾತೂ ಮುಗಿಯಿತು, ಫೋನಿಡುವ ಮನಸ್ಸಾಗಲಿಲ್ಲ.
ಒಲೆಯ ಕಡೆ ತಿರುಗಿ ಕಾಯಿಯೊಂದನ್ನೆತ್ತಿ ತೋರಿಸಿದಳು,
ತಿಳಿಹಸಿರು, ಸುಕ್ಕುಸುಕ್ಕು, ಮೈತುಂಬ ಸಣ್ಣ ಮುಳ್ಳು.

‘ಸೀಮೆಬದನೆ’ ಅಂದೆ.
‘ಸಿಮೆ...?’ ಅಂದಳು ಅವಳು.
ಇನ್ನೊಂದು ಸಲ, ನಿಧಾನವಾಗಿ, ಹೇಳಿದೆ.