ಫ್ರಿಜ್ಜಿನ ಪಕ್ಕದ ಗೋಡೆ

ಆ ಹಾಳೆಯನ್ನು ಅಲ್ಲಿ ಚುಚ್ಚಿದ್ದು ನಾನೇ.
ಶುಕ್ರವಾರದ ಊಟಕ್ಕೆ ಯಾರು ಏನು ತರುತ್ತೀರಿ,
ಬರೆಯಿರಿ, ಅಂತ.
ಡಾರ್ಲಾ ಮಾಕಿನೆನ್ ಬರೆದಳು: ಆಲೂಗಡ್ಡೆ, ದೊಡ್ಡ ತಟ್ಟೆ.
ಅದರ ಕೆಳಗೆ ಮೇಲ್ವಿಚಾರಕ ಕ್ವಾಮ್, ಪೆನ್ಸಿಲಿನಲ್ಲಿ:
'ದುಡ್ಡು ಯಾರದ್ದು?'

ನಕ್ಕೆವು.

ಡುಲೂತಿನ ಜನವರಿ. ದಡದುದ್ದಕ್ಕೂ ಸರೋವರ ಕಲ್ಲಾಗಿದೆ.
ವೃದ್ಧಾಶ್ರಮದ ನೆಲಮಾಳಿಗೆಯ ಲಾಂಡ್ರಿಯಲ್ಲಿ ಮಾತ್ರ
ವರ್ಷವೆಲ್ಲ ಸೆಕೆ.
ನೂರಾ ಹನ್ನೆರಡು ಮಂಚಗಳ ಮೈಲಿಗೆ ನಮ್ಮಿಬ್ಬರ ಪಾಲಿಗೆ.
ಅವಳೊಂದು ತುದಿ, ನಾನೊಂದು ತುದಿ,
ಹತ್ತಿರ ಬಂದು, ಹಿಂದೆ ಸರಿದು, ಮತ್ತೆ ಹತ್ತಿರ ಬಂದು
ಹಾಸುಬಟ್ಟೆ ಮಡಚುತ್ತೇವೆ.
ಆರು ವರ್ಷದಲ್ಲಿ ಅವಳ ಬೆರಳು ನನ್ನ ಬೆರಳಿಗೆ
ಎಷ್ಟು ಸಾವಿರ ಸಲ ತಾಗಿದೆಯೋ.

ಕ್ವಾಮ್ ಅವಳನ್ನು ಕಂಡದ್ದು ಅಂಗಡಿಯ ಸಾಲಿನಲ್ಲಿ:
ಹಾಲು, ಮೊಟ್ಟೆ, ಹುಡುಗನ ಹುಟ್ಟುಹಬ್ಬದ ಕೇಕು,
ಕೈಯಲ್ಲಿ ಕೌಂಟಿಯವರು ಕೊಟ್ಟ ಕಾರ್ಡು.
ಮರುದಿನದಿಂದ ಅವನ ಬಾಯಲ್ಲಿ ಅವಳು
'ಸರ್ಕಾರದ ಸೊಸೆ'.
ಮೂವತ್ತೆರಡು ಗಂಟೆಯ ವಾರ ಇಪ್ಪತ್ತಕ್ಕಿಳಿಯಿತು,
ಇಪ್ಪತ್ತು ಹನ್ನೆರಡಕ್ಕೆ.
ಹಗಲು ಪಾಳಿಯ ಮುಖ್ಯಸ್ಥೆಯ ಜಾಗಕ್ಕೆ ಅರ್ಜಿ ಕೊಟ್ಟಳು.
'ಹಂಗಿನ ಕೂಳು ರೂಢಿಯಾದವರು
ಹೊತ್ತಿಗೆ ಸರಿಯಾಗಿ ಏಳುವುದಿಲ್ಲ' ಅಂದ.
ಡ್ರೈಯರು ಗುಂಯ್ಗುಡುತ್ತಿತ್ತು. ಆದರೂ ಕೇಳಿಸಿತು.
ಅವಳು ತಡವಾಗಿ ಬಂದದ್ದು ಒಂದೇ ದಿನ:
ಅದಿರು ಹೊತ್ತ ಹಡಗಿಗೆ ದಾರಿ ಬಿಡಲು
ಸೇತುವೆ ಎತ್ತಿದ್ದರು.

ಊಟ ಮುಗಿದ ಸೋಮವಾರ ಹಾಳೆ ಕಿತ್ತೆ.
ಅಡಿಯಲ್ಲಿ ಇಲಾಖೆಯ ಭಿತ್ತಿಪತ್ರ,
ಎಷ್ಟು ವರ್ಷದಿಂದ ಇತ್ತೋ, ಅಂಚು ಹಳದಿ.
ಬಣ್ಣ, ಮತ, ಹುಟ್ಟಿದ ದೇಶ, ಗಂಡು, ಹೆಣ್ಣು, ಮದುವೆ...
ಈ ಕಾರಣಗಳಿಗೆ ಕೆಲಸದಲ್ಲಿ ಯಾರನ್ನೂ ಕೀಳು ಮಾಡಕೂಡದು.
ಅವುಗಳ ನಡುವೆ, ತುಂಬಿದ ಬಸ್ಸಿನಲ್ಲಿ
ಇಬ್ಬರು ದಪ್ಪ ಗಂಡಸರ ಸಂದಿಯಲ್ಲಿ ಕೂತ ಮಗುವಿನ ಹಾಗೆ:
ಸಾರ್ವಜನಿಕ ನೆರವು ಪಡೆಯುತ್ತಿರುವುದು.

ಕನ್ನಡಕ ಒರೆಸಿ ಮತ್ತೊಮ್ಮೆ ಓದಿದೆ.
ನೆರವು. ಅವನು ಬಳಸಿದ ಪದ ಅದಲ್ಲ.
ಇದನ್ನು ಬರೆಸಿದವರಾರೋ,
ಯಾವ ಸಾಲಿನಲ್ಲಿ ನಿಂತು ಬಂದವರೋ.

ಗಣಿ ಮುಚ್ಚಿದ ವರ್ಷ ನಾನೂ ನಿಂತಿದ್ದೆ.
ಕೂಪನ್ನಿನ ಪುಸ್ತಕವನ್ನು ಕೈಗವಸಿನೊಳಗೆ ತುರುಕಿ
ಇಪ್ಪತ್ತೇಳು ಮೈಲಿ ಆಚೆಯ ಅಂಗಡಿಗೆ ಹೋಗುತ್ತಿದ್ದೆ,
ಗುರುತಿನವರು ಸಿಗದಿರಲೆಂದು.
ಪೆಟ್ರೋಲಿಗೆ ಸಾಲ ಮಾಡಿ ನಾಚಿಕೆ ಉಳಿಸಿಕೊಂಡೆ.
ಆ ಹಾಲಿನಿಂದ ಗಟ್ಟಿಯಾದ ಎಲುಬು
ಈಗ ನನ್ನ ಮಗಳ ಮೈಯಲ್ಲಿ ಮೂವತ್ತೊಂಬತ್ತು ವರ್ಷದ್ದು.
ಕ್ವಾಮ್‌ಗೆ ಗೊತ್ತಿಲ್ಲ. ಡಾರ್ಲಾಗೂ ಹೇಳಿಲ್ಲ,
ಹಾಸುಬಟ್ಟೆಯ ಆಚೆ ತುದಿ ಹಿಡಿದು ಅವಳು
ಅಳು ನುಂಗುತ್ತಿದ್ದಾಗಲೂ.

ದೂರು ಕೊಟ್ಟದ್ದು ಅವಳೇ.
ಇಂದು ಸೇಂಟ್ ಪಾಲ್‌ನಿಂದ ಫೋನು.
ಮಾಯ್ ಷೂವಾ ಅಂತ ಹೆಸರು, ಎಳೆಯ ದನಿ, ಅವಸರವಿಲ್ಲ.
'ಕೇಳಿಸಿಕೊಂಡದ್ದನ್ನು ಅದೇ ಮಾತಿನಲ್ಲಿ ಹೇಳಬಲ್ಲಿರಾ?
ಸಾಕ್ಷಿ ಹೇಳಿದ್ದಕ್ಕೆ ಅವರು ಸೇಡು ತೀರಿಸಿಕೊಳ್ಳುವಂತಿಲ್ಲ,
ಅದಕ್ಕೂ ಕಾನೂನಿದೆ.'
ಕಾನೂನಿದೆ, ಮಗಳೇ. ಫ್ರಿಜ್ಜಿನ ಪಕ್ಕದಲ್ಲೇ ಇತ್ತು.
ನನಗೆ ಅರುವತ್ತೊಂದು, ಎರಡೂ ಮೊಣಕಾಲು ಸವೆದಿವೆ,
ಪಿಂಚಣಿಗೆ ಇನ್ನೂ ನಾಲ್ಕು ಚಳಿಗಾಲ.

ಹಾಳೆ ನನ್ನ ಚೀಲದಲ್ಲಿದೆ.
ಎಸೆಯಲಿಲ್ಲ, ಯಾಕೋ.
ತುದಿಗೆ ತುದಿ ಸೇರಿಸಿ ಮಡಚಿದ್ದೆ. ಬಿಚ್ಚಿದೆ.
ಪೆನ್ಸಿಲು ಇನ್ನೂ ಅಳಿಸಿಲ್ಲ.

'ಎಲ್ಲಿಂದ ಶುರು ಮಾಡೋಣ?' ಅಂದಳು.
ಮೊದಲು, ಅಂದೆ,
ನಾನು ನಕ್ಕದ್ದನ್ನು ಬರೆದುಕೊಳ್ಳಿ.