ಹತ್ತು ಸೆಕೆಂಡು

ಲಿಮಾ ನದಿ ಕಡಲು ಸೇರುವ ವಿಯಾನಾ ಊರಿನಲ್ಲಿ
ನನ್ನದು ಜೆರಾಕ್ಸ್ ಅಂಗಡಿ. ಎದುರಿಗೆ
ಗ್ರಾಸಿಯೆತೆಯ ಕಸೂತಿ.
ನಾರುಬಟ್ಟೆಯ ಮೇಲೆ ನೀಲಿ ದಾರದ ಹೃದಯಗಳು,
ಮಾದರಿಗಳೆಲ್ಲ ಮೇಜಿನಡಿಯ ಬೂದು ಪೆಟ್ಟಿಗೆಯಲ್ಲಿ.
ಹಳೇ ವಿಂಡೋಸು. ಬೆಳಿಗ್ಗೆ ಗುಂಡಿ ಒತ್ತಿದರೆ
ಕಾಫಿ ಕುಡಿದು, ಲೋಟ ತೊಳೆದು, ಒರೆಸಿಟ್ಟ ಮೇಲೆ
ಕಣ್ಣು ಬಿಡುವುದು.

"ಇಡಾಲಿನಾ, ಇದಕ್ಕೇನಾದರೂ ಮಾಡೇ."
ಲಿನಕ್ಸ್ ಹಾಕುತ್ತೇನೆ ಅಂದೆ. ಬಿಟ್ಟಿ, ಹಗುರ.
"ಹಳೆಯದು?"
ಇರುತ್ತದೆ, ಪಕ್ಕದಲ್ಲೇ.
"ಒಂದೇ ಒರೆಯಲ್ಲಿ ಎರಡು ಕತ್ತಿ!"
ನಗಲಿಲ್ಲ. ಕುರ್ಚಿ ಎಳೆದುಕೊಟ್ಟಳು.

ಡಿಸ್ಕು ಕುಗ್ಗಿಸುವಾಗ ಬೆನ್ನ ಹಿಂದೆಯೇ ನಿಂತಿದ್ದಳು.
ಪರದೆಯ ಮೇಲೆ ಉದ್ದಕ್ಕೆ ನೀಲಿ ಪಟ್ಟಿ,
ತುದಿಯಲ್ಲಿ ಕಪ್ಪು: ಯಾರಿಗೂ ಹಂಚದ ಜಾಗ.
"ಅಲ್ಲೇನಿದೆ?"
ಏನಿಲ್ಲ.
"ಏನಿಲ್ಲದ್ದಕ್ಕೆ ಇಷ್ಟು ಅಗಲವೇ?"
ಬಟ್ಟೆ ಬಲ್ಲವಳು, ಅಂಚು ಬಿಟ್ಟಿದ್ದೀಯಾ ಎಂದಳು.
ಬಿಟ್ಟಿದ್ದೇನೆ ಅಂದೆ. ಸುಳ್ಳು.

ಅಂದಿನಿಂದ ಗುಂಡಿ ಒತ್ತಿದರೆ ಮೊದಲೊಂದು ಕಪ್ಪು ಹೊಸ್ತಿಲು,
ಬಿಳಿಯಲ್ಲಿ ಎರಡು ಸಾಲು. ಯಾವುದು ಬೇಕು?
ಹತ್ತು, ಒಂಬತ್ತು, ಎಂಟು.
ಸುಮ್ಮನಿದ್ದರೆ ಮೇಲಿನದೇ ಗತಿ.
ಮೊದಮೊದಲು ಲಾಟರಿ ಚೀಟಿ ಗೀರುವವರ ಹಾಗೆ
ಉಸಿರು ಹಿಡಿದು ಆರಿಸುತ್ತಿದ್ದಳು.
ಚಳಿಗಾಲ ಕಳೆಯುವಷ್ಟರಲ್ಲಿ ಆ ಹತ್ತು ಸೆಕೆಂಡಿನಲ್ಲೇ
ಸೂಜಿಗೆ ದಾರ ಪೋಣಿಸುವುದು ರೂಢಿಯಾಯಿತು:
ಏಳಕ್ಕೆ ದಾರದ ತುದಿ ನಾಲಗೆಗೆ,
ನಾಲ್ಕಕ್ಕೆ ಒಂದು ಕಣ್ಣು ಮುಚ್ಚಿ,
ಎರಡಕ್ಕೆ ಗಂಟು,
ಒಂದಕ್ಕೆ ಬೆರಳು ಕೀಲಿಮಣೆಯ ಮೇಲೆ.

ಆರಿಸುತ್ತಿದ್ದುದು ಮಾತ್ರ ಹಳೆಯದನ್ನೇ.
ಕಸೂತಿಯ ತಂತ್ರಾಂಶ ಹೊಸ ಮನೆ ಹೊಗಲು ಒಪ್ಪಲಿಲ್ಲ,
ನಾನು ಎಷ್ಟು ರಮಿಸಿದರೂ.
ಹೊಸದರಲ್ಲಿ ಅವಳು ಆಡಿದ್ದು ಇಸ್ಪೀಟು. ಮಳೆ ಬಂದ ಮಧ್ಯಾಹ್ನ.

ಮಾರ್ಚ್ ಕೊನೆಯ ಭಾನುವಾರ ಊರೆಲ್ಲ
ಗಡಿಯಾರ ಒಂದು ತಾಸು ಮುಂದಿಟ್ಟಿತು.
ಸೋಮವಾರ ಪೆಟ್ಟಿಗೆಯೊಳಗೆ ಜಗಳ:
ಹೊಸದರಲ್ಲಿ ಹತ್ತು, ಹಳೆಯದರಲ್ಲಿ ಒಂಬತ್ತು,
ಚಳಿಗಾಲವಿಡೀ ಒಂದೇ ಮಾತಾಡಿದ್ದವು!
"ಒಂದೇ ಸೂರು, ಎರಡು ಗಂಟೆ," ಎಂದಳು,
"ನನ್ನ ಮದುವೆಯೂ ಹೀಗೇ ಇತ್ತು."
ಮುಂದೆ ಹೇಳಲಿಲ್ಲ. ನಾನು ಒಂದು ಸಾಲು ಟೈಪಿಸಿ ಸರಿಪಡಿಸಿದೆ,
ಗಡಿಯಾರವನ್ನು.

ಸೆಪ್ಟೆಂಬರಿನಲ್ಲಿ ಜಾಗ ಸಾಲದಾಯಿತು.
ಮದುವೆಯೊಂದಕ್ಕೆ ನಲವತ್ತು ಕೈವಸ್ತ್ರ, ಶನಿವಾರಕ್ಕೆ.
"ತೆಗೆದುಬಿಡೇ ನಿನ್ನದನ್ನು."
ನನ್ನದು! ಎರಡು ಕ್ಲಿಕ್ಕಿಗೆ ತೆಗೆದೆ.
ಮತ್ತೆ ಹಚ್ಚಿದರೆ ಕಪ್ಪು ಪರದೆ, ಮಿಣುಕುವ ಗೆರೆ,
ಅಂಥ ವಿಭಾಗವೇ ಇಲ್ಲ ಎಂಬ ಒಂದು ವಾಕ್ಯ.

ಆಚೆ ಕಳಿಸಿದ ಅತಿಥಿಯ ಸೊಂಟದಲ್ಲೇ
ಮನೆಯ ಕೀಲಿಗೊಂಚಲು.
ಹಳೆಯದು ಒಳಗೆ ಕ್ಷೇಮ, ಒಂದು ಹೃದಯವೂ ಕಳೆದಿಲ್ಲ,
ಆದರೆ ಅಲ್ಲಿಗೆ ದಾರಿ ಬಲ್ಲವನನ್ನೇ
ನಾನು ಅಳಿಸಿ ಕೂತಿದ್ದೆ.

ಆರರಿಂದ ಒಂಬತ್ತೂವರೆ. ಪೆನ್‌ಡ್ರೈವು, ಬೆವರು.
ಅವಳು ಷಟರ್ ಅರ್ಧ ಇಳಿಸಿ,
ಎಲೆಕೋಸಿನ ಸೂಪು ತಂದಿಟ್ಟು,
ಕೈವಸ್ತ್ರವೊಂದನ್ನು ನೋಡದೆಯೇ ನೆನಪಿನಿಂದ
ಹೊಲಿಯುತ್ತ ಕೂತಳು. ಒಂದು ಮಾತು ಕೇಳಲಿಲ್ಲ.
ಬೈದಿದ್ದರೆ ಚೆನ್ನಾಗಿತ್ತು.

ಕೊನೆಗೂ ಬಂತು. ಕಪ್ಪು ಜಾಗವೆಲ್ಲ ನೀಲಿಯಾಗಿ
ಒಂದೇ ಪಟ್ಟಿ, ಹೊಲಿಗೆಯ ಗುರುತೂ ಇಲ್ಲ.

ಮರುದಿನ ಬೆಳಿಗ್ಗೆ ನೋಡಲು ಹೋದೆ.
ಗುಂಡಿ ಒತ್ತಿದಳು, ಸೂಜಿ ಎತ್ತಿದಳು,
ದಾರ ನಾಲಗೆಗೆ ತಾಗಿಸಿ ಪರದೆ ನೋಡಿದಳು.
ಎಣಿಕೆ ಇಲ್ಲ. ನೇರ ಒಳಗೆ.
ದಾರ ಸೂಜಿಯ ಕಣ್ಣು ತಪ್ಪಿ ಪಕ್ಕಕ್ಕೆ ಹೋಯಿತು.

"ಆ ಹತ್ತು?"
ಅದೂ ಹೋಯಿತು. ಇನ್ನು ಕಾಫಿ ಕುಡಿಯುವಷ್ಟು
ಹೊತ್ತು ಇದ್ದೇ ಇದೆಯಲ್ಲ, ಎಂದೆ.

"ಅದು ಬರೀ ಕಾಯುವುದು," ಎಂದಳು,
"ಅದರಲ್ಲಿ ಯಾರೂ
ನನ್ನನ್ನು ಏನೂ ಕೇಳುವುದಿಲ್ಲ."